ಹಳದಿ ಕಾರಿನ ಜಮಾ-ಖರ್ಚು

ಹೈದರಾಬಾದಿನಲ್ಲಿ ಮನೆ ಮಾಡಿಕೊಂಡ ಕನ್ನಡಿಗನಿಗೆ ನಿವೃತ್ತಿಯಾದ ಮಾರನೇ ದಿನವೇ ಒಂದು ಹೊಸ ಹುದ್ದೆ ಸಿಗುತ್ತದೆ. ಸಂಬಳವಿಲ್ಲದ ಗೈಡಿನ ಹುದ್ದೆ. ಊರಿಂದ ಬಂದವರಿಗೆ ಚಾರ್ಮಿನಾರ್, ಗೋಲ್ಕೊಂಡ, ಸಾಲಾರ್‌ಜಂಗ್ ಮ್ಯೂಸಿಯಂ ತೋರಿಸಿ, ಬಿರಿಯಾನಿ ತಿನ್ನುವವರಿಗೆ ಬಿರಿಯಾನಿ, ತಿನ್ನದವರಿಗೆ ಉಸ್ಮಾನಿಯಾ ಬಿಸ್ಕತ್ತು ಕೊಡಿಸಿ ಬಸ್ಸು ಹತ್ತಿಸಬೇಕು. ನನ್ನ ಪಟ್ಟಿಯಲ್ಲಿ ಹಳೇ ಕಾರುಗಳೂ ಇವೆ. ಅದಕ್ಕೆ ಇಲ್ಲಿ ಎರಡು ಜಾಗ: ಚಾರ್ಮಿನಾರಿನ ಪಕ್ಕದ ಚೌಮಹಲ್ಲಾ ಅರಮನೆ, ಮತ್ತು ಬಹಾದ್ದೂರ್‌ಪುರದ ಝೂ ಪಾರ್ಕಿನ ಹತ್ತಿರದ ಸುಧಾ ಕಾರ್ಸ್ ಮ್ಯೂಸಿಯಂ. ನೆಂಟರ ದೆಸೆಯಿಂದ ಎರಡನ್ನೂ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿ ನೋಡಿ ಒಂದು ತಕರಾರು ಗಟ್ಟಿಯಾಗಿದೆ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚಿಬಿಡೋಣ. ಚೌಮಹಲ್ಲಾ ಒಂದು ಕಾಲಕ್ಕೆ ಹಾಳು ಸುರಿಯುತ್ತಿದ್ದ ಅರಮನೆ. ರಾಜಕುಮಾರಿ ಎಸ್ರಾ ಅವರ ಮುತುವರ್ಜಿಯಿಂದ ದುರಸ್ತಿಯಾಗಿ 2005ರಲ್ಲಿ ಜನರಿಗೆ ತೆರೆಯಿತು. 2010ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಪ್ರಶಸ್ತಿ ಬಂತು. ದರ್ಬಾರ್ ಹಾಲಿನ ಹತ್ತೊಂಬತ್ತು ಗಾಜಿನ ಝೂಮರ್‌ಗಳನ್ನು ನೋಡಿದವರ ಕತ್ತು ಸಂಜೆಯವರೆಗೆ ನೋಯುತ್ತದೆ. ಅವನ್ನೆಲ್ಲ ದಾಟಿ ಹೋದರೆ ಕಾರುಗಳು. 1940ರ ದಶಕದ ಬ್ಯೂಕ್ ಮತ್ತು ಇನ್ನಿತರ ಗಾಡಿಗಳಿವೆ. ಆದರೆ ಜನ ಮುಗಿಬೀಳುವುದು ಒಂದರ ಮುಂದೆಯೇ, 1912ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್. ಮೈಬಣ್ಣ ಅಪ್ಪಟ ಹಳದಿ, ಆಸಫ್‌ಜಾಹಿಗಳ ಬಾವುಟದ ಬಣ್ಣ. ಲಂಡನ್ನಿನ ಬಾರ್ಕರ್ ಕಂಪನಿ ಕಟ್ಟಿದ ಬಾಡಿ. ಹಿಂದಿನ ಸೀಟು ಸೀಟಲ್ಲ, ಎತ್ತರಿಸಿ ಕೂಡಿಸಿದ ಸಿಂಹಾಸನ. ಮಾಡಿಸಲು ಹೇಳಿದವರು ಆರನೇ ನಿಜಾಮ ಮಹಬೂಬ್ ಅಲಿ ಖಾನ್. ಕಾರು ಬರುವ ಮುಂಚೆಯೇ, 1911ರ ಆಗಸ್ಟಿನಲ್ಲಿ, ತೀರಿಕೊಂಡರು. ಕೂತವರು ಮಗ ಉಸ್ಮಾನ್ ಅಲಿ ಖಾನ್.

ಕೂತರು ಅಂದೆ, ಆದರೆ ಎಷ್ಟು ದೂರ ಹೋದರು? 1947ರ ತನಕ ಈ ಕಾರು ಓಡಿದ್ದು 356 ಮೈಲಿ ಎನ್ನುತ್ತಾರೆ. ಬ್ಯಾಂಕಿನವನ ಚಟ, ಅಲ್ಲೇ ನಿಂತು ಗುಣಿಸಿದೆ. 573 ಕಿಲೋಮೀಟರು. ಮೂವತ್ತೈದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹದಿನಾರು ಕಿಲೋಮೀಟರು. ಇಲ್ಲಿಂದ ನಮ್ಮ ರಾಯಚೂರಿಗೆ ಇನ್ನೂರು ಚಿಲ್ಲರೆ ಕಿಲೋಮೀಟರು. ಎರಡು ಸಲ ಹೋಗಿ ಬರುವಷ್ಟೂ ಓಡಿಲ್ಲ. ಏಳು ಲೀಟರಿಗೂ ಮೀರಿದ ಆರು ಸಿಲಿಂಡರಿನ ಎಂಜಿನ್ನು! ಅರಮನೆಯಿಂದ ಮೆರವಣಿಗೆ, ಮೆರವಣಿಗೆಯಿಂದ ಅರಮನೆ, ಅಷ್ಟೇ. ಬ್ಯಾಂಕಿನ ಭಾಷೆಯಲ್ಲಿ ಇದಕ್ಕೆ ದುಡಿಯದ ಆಸ್ತಿ ಎನ್ನುತ್ತೇವೆ.

ಒಮ್ಮೆ ಬೆಂಗಳೂರಿನಿಂದ ನಮ್ಮ ಬೀಗರು ಬಂದಿದ್ದರು. ಕಾರಿನ ಮುಂದೆ ಬಹಳ ಹೊತ್ತು ನಿಂತು, "ನಿಮ್ಮ ನಿಜಾಮರು ಜೋರಾಗೇ ಇದ್ರು ಬಿಡಿ ಬೀಗರೇ" ಅಂದರು. ಆ 'ನಿಮ್ಮ' ಎನ್ನುವ ಮಾತು ನನಗೆ ಚುರುಕ್ ಅಂತು. ಬೀಗರ ತಪ್ಪೇನಿಲ್ಲ. ಹಳೇ ಮೈಸೂರಿನವರಿಗೆ ಅರಮನೆ ಅಂದರೆ ಅವರ ಅರಮನೆ, ಒಡೆಯರು ಅಂದರೆ ಅವರ ಒಡೆಯರು. ನಮ್ಮ ಸಂಬಂಧ ಅಷ್ಟು ಸಲೀಸಲ್ಲ. ಹೈದರಾಬಾದ್ ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು: ರಾಯಚೂರು, ಗುಲ್ಬರ್ಗಾ, ಬೀದರ್. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಪ್ರಜೆಗಳು, 1956ರ ನವೆಂಬರ್ 1ರವರೆಗೆ ಹೈದರಾಬಾದೇ ನಮ್ಮ ರಾಜಧಾನಿ. ಕಾಲೇಜು, ಕೋರ್ಟು, ದವಾಖಾನೆ ಎಲ್ಲಕ್ಕೂ ನಮ್ಮ ಹಿರಿಯರು ಬರುತ್ತಿದ್ದುದು ಇಲ್ಲಿಗೇ. ಆದ್ದರಿಂದ ಆ ಹಳದಿ ಕಾರನ್ನು ನಾನು ಪರರಾಜ್ಯದ ಪ್ರವಾಸಿಯಂತೆ ಬಾಯಿ ಬಿಟ್ಟು ನೋಡಲಾರೆ.

ನನ್ನ ತಕರಾರು ಇಲ್ಲಿಂದ ಶುರು. ಕಾರಿನ ಹೆಸರು, ವರ್ಷ, ಬಾಡಿ ಕಟ್ಟಿದವರು ಎಲ್ಲ ತಿಳಿಯುತ್ತದೆ. ದುಡ್ಡು ಯಾವ ಖಾತೆಯಿಂದ ಹೋಯಿತು ಅನ್ನುವುದು ಮಾತ್ರ ತಿಳಿಯುವುದಿಲ್ಲ. ನಿಜಾಮರ ಕಾಲದಲ್ಲಿ ಎರಡು ಬೊಕ್ಕಸ. ದಿವಾನಿ ಅಂದರೆ ಸರ್ಕಾರದ್ದು. ಸರ್ಫ್-ಎ-ಖಾಸ್ ಅಂದರೆ ಖುದ್ದು ನಿಜಾಮರದ್ದು. ಸಂಸ್ಥಾನದ ಸುಮಾರು ಹತ್ತನೇ ಒಂದು ಭಾಗ ಭೂಮಿ ಈ ಎರಡನೆಯದರಲ್ಲಿತ್ತು, ಅದರ ಕಂದಾಯ ನೇರ ಅರಮನೆಗೆ. 1949ರಲ್ಲಿ ಅದನ್ನು ಸರ್ಕಾರದ ಭೂಮಿಯೊಳಗೆ ಸೇರಿಸಿದರು. ಬೊಕ್ಕಸ ಯಾವುದಾದರೂ ಜಮಾ ಬದಿಗೆ ಇದ್ದವನು ರೈತನೇ. ಅವನು ಕಟ್ಟಿದ್ದು ಹಾಲಿ ಸಿಕ್ಕಾ ರೂಪಾಯಿ. ಇಂಗ್ಲಿಷರ ನೂರು ರೂಪಾಯಿಗೆ ನಮ್ಮದು 116 ರೂಪಾಯಿ 10 ಆಣೆ 8 ಪೈ. ಈ ಲೆಕ್ಕ ನಮ್ಮ ತಂದೆಗೆ ಬಾಯಿಪಾಠವಿತ್ತು; ನಾನು ಎಂ.ಕಾಂ. ಮಾಡಿದ ಮೇಲೂ ಅವರಷ್ಟು ಬೇಗ ಹೇಳಲು ಬರಲಿಲ್ಲ. ಲಂಡನ್ನಿಗೆ ಕೊಟ್ಟ ಪೌಂಡುಗಳು ಈ ದಾರಿಯಲ್ಲೇ ಹೋಗಿರಬೇಕಲ್ಲ? ಅದನ್ನು ಒಂದು ಫಲಕದಲ್ಲಿ ಬರೆದಿಟ್ಟರೆ ಕಾರಿನ ಮೆರುಗೇನೂ ಮಾಸುವುದಿಲ್ಲ. ಬರೆಯದೇ ಇರುವುದರಿಂದ ಖಾಲಿ ಜಾಗವನ್ನು ಕಟ್ಟುಕಥೆಗಳು ತುಂಬುತ್ತವೆ. 1937ರಲ್ಲಿ 'ಟೈಮ್' ಪತ್ರಿಕೆ ಜಗತ್ತಿನ ಅತಿ ಶ್ರೀಮಂತ ಅಂತ ಮುಖಪುಟದಲ್ಲಿ ಹಾಕಿದ್ದು, ವಜ್ರವನ್ನು ಕಾಗದದ ಮೇಲೆ ಭಾರಕ್ಕಿಟ್ಟಿದ್ದು, ಜಿಪುಣತನ. ಜನ ಇವನ್ನೇ ಹೇಳಿಕೊಂಡು ನಕ್ಕು ಮುಂದೆ ಹೋಗುತ್ತಾರೆ.

ಇನ್ನೊಂದು ಜಾಗ, ಸುಧಾ ಕಾರ್ಸ್. ಗಂಭೀರ ಜನ ಇದನ್ನು ಮ್ಯೂಸಿಯಂ ಅನ್ನಲು ಒಪ್ಪುವುದಿಲ್ಲ. ಕೆ. ಸುಧಾಕರ್ ಎನ್ನುವವರು ಗುಜರಿ ಸಾಮಾನಿನಿಂದ ಕೈಯಾರೆ ಕಟ್ಟಿದ ಗಾಡಿಗಳು. ಬದನೆಕಾಯಿ ಕಾರು, ಕ್ರಿಕೆಟ್ ಬ್ಯಾಟಿನ ಕಾರು, ಹೆಂಗಸರ ಹೈಹೀಲ್ಡ್ ಚಪ್ಪಲಿಯ ಕಾರು, ಕಮೋಡಿನ ಕಾರು ಕೂಡ. 2005ರಲ್ಲಿ 41 ಅಡಿ 7 ಇಂಚು ಎತ್ತರದ ಮೂರು ಗಾಲಿ ಸೈಕಲ್ ತುಳಿದು ಗಿನ್ನೆಸ್ ಪುಸ್ತಕ ಸೇರಿದವರು ಅವರು. ನನ್ನ ತಂಗಿಯ ಮಗ ಸಿಂಧನೂರಿನವ, ಟ್ರ್ಯಾಕ್ಟರ್ ರಿಪೇರಿ ಅವನ ಕಸುಬು. ಅರಮನೆಯಲ್ಲಿ ಹತ್ತು ನಿಮಿಷಕ್ಕೆ ಆಕಳಿಸಿದವ ಇಲ್ಲಿ ಬಗ್ಗಿ ಬಗ್ಗಿ ಚಾಸಿಸ್ಸೇ ನೋಡಿದ. "ಮಾಮಾ, ಇಲ್ಲಿ ನೋಡ್ರಿ, ಎಷ್ಟು ದಿನಾ ಹಿಡೀತು ಅಂತ ಬರದಾರ" ಅಂದ. ನಿಜ. ಗಾಡಿ ಕಟ್ಟಲು ಹಿಡಿದ ಕಾಲ, ಅದರ ವೇಗ, ಎರಡೂ ಫಲಕದಲ್ಲಿ ಇದ್ದವು. ಬದನೆಕಾಯಿಯನ್ನು ಒಮ್ಮೆ ನೋಡಿ ನಕ್ಕರೆ ಮುಗಿಯಿತು, ಎರಡನೇ ಸಲಕ್ಕೆ ನಗು ಬರುವುದಿಲ್ಲ. ವಾಹನದ ಚರಿತ್ರೆ ಕಲಿಯಲು ಹೋದವರಿಗೆ ಇಲ್ಲಿ ಸಿಗುವುದೂ ಕಡಿಮೆ. ಆದರೆ ಗಾಡಿ ಅನ್ನುವುದು ಯಾರದೋ ಕೈಕೆಲಸ, ಅದಕ್ಕೆ ಇಷ್ಟು ದಿನದ ದುಡಿಮೆ ಬಿದ್ದಿದೆ ಎಂಬ ವೋಚರು ಈ ತಮಾಷೆಯ ಅಂಗಡಿಯಲ್ಲಿದೆ, ಅರಮನೆಯಲ್ಲಿ ಇಲ್ಲ. ಆ ರೋಲ್ಸ್ ರಾಯ್ಸನ್ನು ಹೊಡೆದವರು ಯಾರು, ಓಡದ ಗಾಡಿಯನ್ನು ದಿನಾ ಒರೆಸಿದವರು ಯಾರು? ಒಂದು ಹೆಸರೂ ನನಗೆ ಅಲ್ಲಿ ಸಿಗಲಿಲ್ಲ.

ನಮ್ಮ ಭಾಗದವರ ಮೋಟಾರು ಚರಿತ್ರೆ ನಿಜವಾಗಿ ಇರುವುದು ಬಸ್ಸಿನಲ್ಲಿ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯವರು 27 ಬಸ್ಸು, 166 ಸಿಬ್ಬಂದಿ ಇಟ್ಟುಕೊಂಡು ರಸ್ತೆ ಸಾರಿಗೆ ವಿಭಾಗ ಶುರು ಮಾಡಿದರು. ಮುಂದೆ ಆರ್‌ಟಿಸಿ ಬೆಳೆದದ್ದು ಆ ಬೇರಿನಿಂದ. ಅರಮನೆಯ ಕಾರು ಮೂವತ್ತೈದು ವರ್ಷದಲ್ಲಿ ಓಡಿದ್ದನ್ನು ಒಂದು ಬಸ್ಸು ಕೆಲವೇ ದಿನದಲ್ಲಿ ಓಡಿ ಮುಗಿಸಿರಬೇಕು. ನಿಜಾಮರ ಆಡಳಿತದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು, ಹೇಳಿಕೊಂಡರೆ ಅವರಿಗೇ ಹೆಮ್ಮೆ. ಚೌಮಹಲ್ಲಾದ ಕಾರುಗಳ ನಡುವೆ ಅದರ ಸುದ್ದಿ ಇಲ್ಲ. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನು ಉಳಿಸಿಕೊಂಡು ಬಂದವರು ಆರ್‌ಟಿಸಿಯವರು, ತಮ್ಮ ಬಸ್ ಭವನದಲ್ಲಿ.

ಅರಮನೆಗೆ ಶುಕ್ರವಾರ ರಜೆ. ಮುಂದಿನ ಸಲ ಬೀಗರು ಶುಕ್ರವಾರವೇ ಬಂದರೆ ನನಗೆ ಅನುಕೂಲ. ಆರ್‌ಟಿಸಿ ಕ್ರಾಸ್ ರೋಡಿಗೆ ಕರೆದುಕೊಂಡು ಹೋಗುತ್ತೇನೆ.