ಬಲ ಮೂಲೆಯ ಚುಕ್ಕಿ

ಪರದೆಯ ಬಲ ಮೇಲ್ಮೂಲೆಯಲ್ಲಿ ಮಿಂಚಿ ಮಾಯವಾಗುವ ದುಂಡು ಚುಕ್ಕಿಯನ್ನು ಎಷ್ಟು ಪ್ರೇಕ್ಷಕರು ಗಮನಿಸಿದ್ದರೋ! ಪೀಣ್ಯದ ಕಡೆಯ ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದ ನನಗೆ ಅದನ್ನು ತೋರಿಸಿದವರು ಅಲ್ಲಿನ ಆಪರೇಟರು. ಸೆಕೆಂಡಿಗೆ 24 ಚೌಕಟ್ಟು ಓಡುವ 35 ಎಂಎಂ ಫಿಲ್ಮಿನ 2000 ಅಡಿ ಸುರುಳಿ ಸುಮಾರು 22 ನಿಮಿಷಕ್ಕೆ ಮುಗಿಯುತ್ತದೆ. ಮುಗಿಯುವ ಮುನ್ನ ಮೊದಲ ಚುಕ್ಕಿ ಕಂಡೊಡನೆ, ಮುಂದಿನ ಸುರುಳಿ ಹಾಕಿಟ್ಟ ಪಕ್ಕದ ಪ್ರೊಜೆಕ್ಟರಿನ ಮೋಟಾರು ಶುರು. ಸುಮಾರು 7 ಸೆಕೆಂಡಿನ ಮೇಲೆ ಎರಡನೆಯದು ಕಂಡಾಗ ಒಂದರ ಬೆಳಕು ಮುಚ್ಚಿ, ಇನ್ನೊಂದರದು ತೆರೆಯಬೇಕು. ನಡುವೆ ಬೆಳಕು ಕೊಡುವ ಕಾರ್ಬನ್ ಕಡ್ಡಿಗಳ ಮೇಲೂ ಕಣ್ಣಿರಬೇಕು. ಉರಿದು ಸವೆದು ಅಂತರ ಹೆಚ್ಚಿದರೆ ಚಿತ್ರ ಮಂಕು. ದಿನವಿಡೀ ಲೇತ್ ಮುಂದೆ ನಿಂತು ಬಂದ ಕಾರ್ಮಿಕರು ಶಿಳ್ಳೆ ಹೊಡೆಯಲು ದಾಕ್ಷಿಣ್ಯ ಪಡುವವರಲ್ಲ. ಅವರು ಸುಮ್ಮನೆ ಕೂತಿದ್ದರೆ ಅದೇ ಆಪರೇಟರಿಗೆ ಬಿರುದು.

ಡಿಜಿಟಲ್ ಬಂತು, ಸುರುಳಿಗಳು ಹೋದವು. ಈಗ ಎಲೆಕ್ಟ್ರಾನಿಕ್ ಸಿಟಿಯ ಹುಡುಗರು ಭಾನುವಾರ ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುತ್ತಾರೆ. ಒಂದು ಶಾಟಿನಿಂದ ಇನ್ನೊಂದಕ್ಕೆ ಹಾರುವಾಗ ನೋಡುವವನಿಗೆ ಕುಲುಕು ತಾಗಬಾರದೆಂದು ಅವರು ಜಗಳವಾಡುವುದನ್ನು ಕೇಳಿದರೆ ನನಗೆ ಖುಷಿ. ಆಪರೇಟರ ಕಸುಬೂ ಅದೇ ತಾನೆ.

ಇಂಥವರಿಗೆಲ್ಲ ಧೈರ್ಯ ಕೊಟ್ಟದ್ದು ಪವನ್ ಕುಮಾರರ ‘ಲೂಸಿಯಾ’. 2013ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಬಂಡವಾಳ ಹಾಕಿದವರು ಜನಸಾಮಾನ್ಯರೇ. ಅದರಲ್ಲಿ ಸತೀಶ್ ನೀನಾಸಂ ಚಿತ್ರಮಂದಿರದಲ್ಲಿ ಟಾರ್ಚ್ ಬಿಡುವ ಹುಡುಗ! ಆಪರೇಟರನ್ನೇ ನಾಯಕನಾಗಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎನ್ನುವುದು ಮಾತ್ರ ನನ್ನ ಪಕ್ಷಪಾತ.