ಮೂರು ಸಾವಿರ ರೂಪಾಯಿಯ ಬೆದರಿಕೆ

ಗೆದ್ದವನು ಸೋತ, ಸೋತವನು ಸತ್ತ ಎಂಬುದು ಕೋರ್ಟು ಮೆಟ್ಟಿಲು ಹತ್ತಿದವರನ್ನು ಕುರಿತ ನಮ್ಮ ಗಾದೆ. ಹುರುಳಿಲ್ಲದ ದಾವೆಗಳನ್ನು ಮೇಲಿಂದ ಮೇಲೆ ಹೂಡುವವನಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಅವನಿಗೆ ಬೇಕಾದದ್ದು ತೀರ್ಪಲ್ಲ, ವಾಯಿದೆ.

1977ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಬೆಂಗಳೂರಿನ ಬಾಡಿಗೆದಾರನ ಪ್ರಕರಣ ಇದಕ್ಕೆ ಮಾದರಿ. ಹೈಕೋರ್ಟಿನವರೆಗೆ ಸೋತು, ಜಾಗ ಬಿಡಲು ಕಾಲಾವಕಾಶವನ್ನೂ ಪಡೆದ ಮೇಲೆ, ತೆರವಿನ ಆದೇಶವೇ ಮೋಸದ್ದೆಂದು ಮುನ್ಸೀಫ್ ಕೋರ್ಟಿನಲ್ಲಿ ಮಗನ ಹೆಸರಲ್ಲಿ ಹೊಸ ದಾವೆ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸೂಚಿಸಿದ ಮದ್ದು ಸರಳವಾಗಿತ್ತು: ದಾವಾಪತ್ರವನ್ನು ಅರ್ಥವರಿತು ಓದಿ, ದಾವೆಗೆ ಕಾರಣವೇ ಇಲ್ಲದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 11ನೇ ನಿಯಮದಡಿ ತಿರಸ್ಕರಿಸಿ, ಅನುಮಾನವಿದ್ದರೆ ಮೊದಲ ದಿನವೇ ಪಕ್ಷಗಾರನನ್ನು ಕರೆದು ಪ್ರಶ್ನಿಸಿ. ಇಂಥ ಕೇಸುಗಳನ್ನು ಜರಡಿ ಹಿಡಿಯುವ ಹೊಣೆ ವಕೀಲರಿಗೂ ಇದೆ ಎಂದರು.

ಮೊಳಕೆಯಲ್ಲೇ ಚಿವುಟುವ ಈ ದಾರಿಯೇ ಉತ್ತಮ. ಕೊನೆಯಲ್ಲಿ ಹಾಕುವ ದಂಡ ಹಾಗಲ್ಲ. ಸುಳ್ಳು ದಾವೆಗೆ ಪರಿಹಾರ ಕೊಡಿಸುವ, ಅದೇ ಸಂಹಿತೆಯ 35ಎ ಕಲಮಿನ ಗರಿಷ್ಠ ಮಿತಿ 3,000 ರೂಪಾಯಿ. 1976ರ ತಿದ್ದುಪಡಿ ಕಟ್ಟಿದ ಬೆಲೆ ಅದು. ಇದು ಸಾಲದೆಂದು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. 2015ರ ಕಾಯ್ದೆ ವಾಣಿಜ್ಯ ವ್ಯಾಜ್ಯಗಳಿಗೆ ಮಿತಿಯನ್ನು ತೆಗೆದುಹಾಕಿತು. ವಾಣಿಜ್ಯ ವ್ಯವಹಾರದವರಿಗೆ ಸಿಕ್ಕ ರಕ್ಷಣೆ ಸೈಟು, ಹೊಲದ ತಕರಾರಿನಲ್ಲಿ ಸಿಕ್ಕಿಬಿದ್ದವರಿಗೆ ಸಿಗಲಿಲ್ಲ.

ಹಾಗೆಂದು ದೊಡ್ಡ ಮೊತ್ತವೇ ಮದ್ದಲ್ಲ. ಒಂದರಲ್ಲೂ ಯಶಸ್ಸು ಕಾಣದೆ 64 ಪ್ರಕರಣ ಹೂಡಿದ್ದ ಸುರಾಜ್ ಇಂಡಿಯಾ ಟ್ರಸ್ಟಿಗೆ 2017ರಲ್ಲಿ ಸುಪ್ರೀಂ ಕೋರ್ಟು 25 ಲಕ್ಷ ದಂಡ ಹಾಕಿ, ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸದಂತೆ ನಿರ್ಬಂಧಿಸಿತು. ಹಣ ವಸೂಲಾಗದೆ 2021ರಲ್ಲಿ ವಿಷಯ ನ್ಯಾಯಾಂಗ ನಿಂದನೆಗೆ ತಿರುಗಿತು. ದಂಡವೇ ಇನ್ನೊಂದು ಕೇಸಾಯಿತು!

ದಾವೆ ಹೂಡುವುದನ್ನೇ ಚಾಳಿ ಮಾಡಿಕೊಂಡವರನ್ನು ತಡೆಯಲು ಮದ್ರಾಸ್ 1949ರಲ್ಲಿ, ಮಹಾರಾಷ್ಟ್ರ 1971ರಲ್ಲಿ ತಂದ ಕಾಯ್ದೆಗಳ ಬಗೆ ಬೇರೆ. ಅಡ್ವೊಕೇಟ್ ಜನರಲ್ ಅರ್ಜಿ ಹಾಕಬೇಕು, ಆಪಾದಿತನ ಅಹವಾಲನ್ನು ಹೈಕೋರ್ಟು ಕೇಳಬೇಕು. ಚಾಳಿ ಸಾಬೀತಾದರೆ ಮುಂದೆ ಪೂರ್ವಾನುಮತಿಯಿಲ್ಲದೆ ಅವನು ದಾವೆ ಹೂಡುವಂತಿಲ್ಲ. ಬಾಗಿಲು ಮುಚ್ಚದೆ ಕಾವಲು ಹಾಕುವ ಈ ವ್ಯವಸ್ಥೆಯನ್ನು ದೇಶಕ್ಕೆಲ್ಲ ವಿಸ್ತರಿಸಲು ಕಾನೂನು ಆಯೋಗ 2005ರಲ್ಲೇ ಶಿಫಾರಸು ಮಾಡಿತ್ತು.

ಸಾಕ್ಷ್ಯ ಸಾಲದೆ ಸೋತ ಬಡವನೂ, ಸೋಲನ್ನೇ ದಂಧೆ ಮಾಡಿಕೊಂಡವನೂ ಒಂದೇ ಅಲ್ಲ. ದಂಡಕ್ಕೆ ಈ ವಿವೇಚನೆ ಕಡಿಮೆ, ಪೂರ್ವಾನುಮತಿಗೆ ಹೆಚ್ಚು. 35ಎ ಮಿತಿ ಏರಲಿ, ಆ ಹಣ ಅಲೆದಾಡಿದ ಎದುರುಪಕ್ಷದವನ ಕೈಗೇ ಸೇರಲಿ. ಆದರೆ ದಾವಾಪತ್ರವನ್ನು ಮೊದಲ ದಿನವೇ ಓದದ ಕೋರ್ಟಿಗೆ ಎಷ್ಟು ದೊಡ್ಡ ದಂಡದ ಅಧಿಕಾರ ಕೊಟ್ಟರೂ ಪ್ರಯೋಜನವಿಲ್ಲ.