ಮಾಹಿತಿ ಹುಟ್ಟುವ ಸ್ಥಳ: ಏಕಾಫರ ಒಂದು ಪ್ರಬಂಧದ ವಿಮರ್ಶೆ

ಅಮೇರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಸೆಲ್ ಏಕಾಫರು 1967ರ ಡಿಸೆಂಬರಿನಲ್ಲಿ ‘ಮ್ಯಾನೇಜ್‌ಮೆಂಟ್ ಸಾಯನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರ ತಲೆಬರಹವೇ ವ್ಯಂಗ್ಯ: ‘ಮ್ಯಾನೇಜ್‌ಮೆಂಟ್ ಮಿಸ್‌ಇನ್‌ಫರ್ಮೇಶನ್ ಸಿಸ್ಟಮ್ಸ್’, ಎಂದರೆ ಆಡಳಿತಕ್ಕೆ ತಪ್ಪು ತಿಳಿವಳಿಕೆ ಒದಗಿಸುವ ವ್ಯವಸ್ಥೆಗಳು. ಇವನ್ನು ಕಟ್ಟುವವರು ಐದು ಗ್ರಹಿಕೆಗಳನ್ನು ಪರೀಕ್ಷಿಸದೆಯೇ ನಂಬಿದ್ದಾರೆ ಎಂಬುದು ಅವರ ಆಕ್ಷೇಪ. ಅರ್ಧ ಶತಮಾನ ಕಳೆದರೂ ಪ್ರಬಂಧ ಹಳತಾಗಿಲ್ಲ. ಆದರೂ ಬ್ಯಾಂಕಿನ ಮೇಜಿನ ಮುಂದೆ ಕುಳಿತು ಓದುವವನಿಗೆ ಅದರಲ್ಲಿ ಒಂದು ಕೊರತೆ ಕಾಣದಿರದು.

ಅಧಿಕಾರಿಯನ್ನು ಕಾಡುವುದು ಬೇಕಾದ ಮಾಹಿತಿಯ ಅಭಾವಕ್ಕಿಂತ ಬೇಡದ ಮಾಹಿತಿಯ ಅತಿರೇಕ ಎಂಬ ಅವರ ಮಾತನ್ನು ಇಂದು ಒಪ್ಪದವರು ವಿರಳ. ಇದಕ್ಕಿಂತ ಸೊಗಸಾದುದು ಅವರು ಕೊಡುವ ದೊಡ್ಡ ಅಂಗಡಿಯ ದೃಷ್ಟಾಂತ. ಅಲ್ಲಿ ಖರೀದಿಯ ಅಧಿಕಾರಿಯನ್ನು ದಾಸ್ತಾನು ಎಷ್ಟು ಬೇಗ ಕರಗಿತೆಂಬುದರಿಂದ ಅಳೆಯುತ್ತಾರೆ. ಮಾರಾಟದವನನ್ನು ಬಂದ ಲಾಭದಿಂದ. ಸರಕು ಸಾಲದಾದೀತೆಂದು ಮಾರಾಟದವನು ಹೆಚ್ಚು ಕೇಳುತ್ತಾನೆ. ಆ ಚಾಳಿಯನ್ನರಿತ ಖರೀದಿಯವನು ಕಡಮೆ ತರಿಸುತ್ತಾನೆ. ಅದನ್ನು ತಿಳಿದ ಮೊದಲಿನವನು ಬೆಲೆಯನ್ನೇರಿಸುತ್ತಾನೆ. ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿದಷ್ಟೂ ವ್ಯಾಪಾರ ಕುಗ್ಗಿ, ಕಡೆಗೆ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ! ಇಬ್ಬರನ್ನೂ ಅಳೆಯುವ ಮಾನದಂಡವೇ ವಕ್ರವಾಗಿರುವಾಗ ಪರಸ್ಪರ ಮಾಹಿತಿ ಹೆಚ್ಚಿಸುವುದು ರೋಗಕ್ಕೆ ಅಪಥ್ಯವನ್ನು ಉಣಿಸಿದಂತೆ. ವ್ಯವಸ್ಥೆಯ ಒಳಗನ್ನು ಅರಿಯದ ಅಧಿಕಾರಿ ಅದರ ಯಜಮಾನನಾಗಿ ಉಳಿಯಲಾರನೆಂಬ ಅವರ ಎಚ್ಚರಿಕೆಯೂ ಯುಕ್ತವೇ.

ಆದರೆ ಪ್ರಬಂಧದ ದೃಷ್ಟಿ ಬಹುಮಟ್ಟಿಗೆ ನಿರ್ಣಯಿಸುವವನ ಕುರ್ಚಿಯಿಂದ ಹೊರಟಿದೆ. ಅಂಕಿಯನ್ನು ಬರೆಯುವವನು ಅಲ್ಲಿ ಕಾಣಿಸಿಕೊಳ್ಳುವುದೇ ಅಪರೂಪ. ಸ್ವಂತ ಅನುಭವವನ್ನು ಹೇಳಿದರೆ ವಾಚಕರು ಕ್ಷಮಿಸಬೇಕು. ನಾನು ಹಿಂದೆ ಇದ್ದ ಒಂದು ಶಾಖೆಯಿಂದ ತಿಂಗಳು ತಿಂಗಳೂ ಹೋಗುತ್ತಿದ್ದ ತಖ್ತೆಯೊಂದರ ಒಂದು ಕಾಲಮು ನಮ್ಮ ವ್ಯವಹಾರಕ್ಕೆ ಅನ್ವಯಿಸುತ್ತಲೇ ಇರಲಿಲ್ಲ. ಖಾಲಿ ಬಿಟ್ಟರೆ ಯಂತ್ರ ಸ್ವೀಕರಿಸದು. ಆದುದರಿಂದ ಹಿಂದಿನ ತಿಂಗಳ ಅಂಕಿಗೆ ಅಷ್ಟಿಷ್ಟು ಕೂಡಿಸಿ ತುಂಬುವುದು ರೂಢಿಯಾಗಿತ್ತು. ತಖ್ತೆ ಒಂದು ದಿನ ತಡವಾದರೆ ಮೇಲಿನ ಕಚೇರಿಯಿಂದ ದೂರವಾಣಿ ಬರುತ್ತಿತ್ತು; ಅಂಕಿಯ ಬಗ್ಗೆ ಎಂದೂ ಬರಲಿಲ್ಲ. ಏಕಾಫರ ಪರಿಭಾಷೆಯಲ್ಲಿ ಇದು ಬೇಡದ ಮಾಹಿತಿ ಮಾತ್ರ. ನನ್ನ ಮಟ್ಟಿಗೆ ಇದು ಸುಳ್ಳು. ಓದುವವರಿಲ್ಲವೆಂದು ಬರೆಯುವವನಿಗೆ ಗೊತ್ತಾದುದರಿಂದ ಹುಟ್ಟಿದ ಸುಳ್ಳು.

ಅಂಕಿಯೇ ಒಳಬರದಿದ್ದರೆ ಏನಾದೀತೆಂಬುದನ್ನು ನಮ್ಮ ಮುಂಬಯಿಯೇ ಕಂಡಿದೆ. 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಶನಲ್ ಬ್ಯಾಂಕು ತನ್ನ ಇಲ್ಲಿಯ ಶಾಖೆಯೊಂದರಲ್ಲಿ ಸುಮಾರು 11,400 ಕೋಟಿ ರೂಪಾಯಿಗಳ ವಂಚನೆಯನ್ನು ಪ್ರಕಟಪಡಿಸಿತು. ಮೊತ್ತ ಆಮೇಲೆ 13,000 ಕೋಟಿಯನ್ನು ಮೀರಿತು. ಸಾಲದ ಹೊಣೆಪತ್ರಗಳು ಸ್ವಿಫ್ಟ್ ಸಂದೇಶಗಳಾಗಿ ಇತರ ಬ್ಯಾಂಕುಗಳಿಗೆ ತಲುಪುತ್ತಿದ್ದವು. ಬ್ಯಾಂಕಿನ ಸ್ವಂತ ಗಣಕದ ಕಿರ್ದಿಯಲ್ಲಿ ಅವುಗಳ ನಮೂದೇ ಇರಲಿಲ್ಲ. ಆಗ ಎರಡು ಯಂತ್ರಗಳಿಗೂ ನಡುವೆ ಸಂಬಂಧವಿರಲಿಲ್ಲ. ಒಂದರಲ್ಲಿ ಕಳುಹಿಸಿದುದನ್ನು ಇನ್ನೊಂದರಲ್ಲಿ ಮನುಷ್ಯನೇ ಕೈಯಾರೆ ಬರೆಯಬೇಕಾಗಿತ್ತು. 2016ರಿಂದಲೇ ಬ್ಯಾಂಕುಗಳನ್ನು ಎಚ್ಚರಿಸಿದ್ದೆವೆಂದು ರಿಸರ್ವ್ ಬ್ಯಾಂಕು ಆ ಬಳಿಕ ತಿಳಿಸಿತು. ನಿರೀಕ್ಷೆಯನ್ನು ಫಲದೊಡನೆ ತಾಳೆ ನೋಡಿ ತಪ್ಪನ್ನು ತಿದ್ದುವ ವ್ಯವಸ್ಥೆ ಬೇಕೆಂದು ಏಕಾಫರು ಹೇಳುತ್ತಾರೆ, ನಿಜ. ಆದರೆ ಪುಸ್ತಕದಲ್ಲಿ ಕಾಣದ ಹೊಣೆಯನ್ನು ಯಾವುದರೊಡನೆ ತಾಳೆ ನೋಡುವುದು? ಹೊರಗಿನ ಬ್ಯಾಂಕಿನ ಲೆಕ್ಕವನ್ನು ತರಿಸಿ, ಒಂದೊಂದೇ ನಮೂದನ್ನು ಒರೆಹಚ್ಚುವ ಬೇಸರದ ಕೆಲಸವೊಂದೇ ಅದಕ್ಕೆ ದಾರಿ. ಅಂಥ ಕೆಲಸಕ್ಕೆ ಪ್ರಬಂಧದಲ್ಲಿ ಎಡೆಯಿಲ್ಲ.

ಏಕಾಫರು ವ್ಯವಸ್ಥೆಯ ರಚನೆಗೆ ಅಧಿಕಾರಿಯನ್ನೂ ತಜ್ಞನನ್ನೂ ಕೂಡಿಸುತ್ತಾರೆ. ಮೂರನೆಯ ಕುರ್ಚಿಯೊಂದನ್ನು ಗುಮಾಸ್ತನಿಗೆ ಹಾಕಬೇಕೆಂದು ನನ್ನ ವಿನಂತಿ. ಈ ಅಂಕಿಯನ್ನು ಯಾರು ಓದುತ್ತಾರೆಂದು ಕೇಳುವ ಹಕ್ಕು ಅವನಿಗಿರಬೇಕು. ನಾನು ಆ ಶಾಖೆಯನ್ನು ಬಿಡುವ ದಿನ ನನ್ನ ಸ್ಥಾನಕ್ಕೆ ಬಂದ ತರುಣ ಆ ಕಾಲಮನ್ನು ತೋರಿಸಿ, “ಇಲ್ಲಿ ಏನು ಬರೆಯಲಿ ಸಾರ್?” ಎಂದು ಕೇಳಿದ. ಹಿಂದಿನ ತಿಂಗಳ ತಖ್ತೆ ಯಾವ ಕಡತದಲ್ಲಿದೆಯೆಂದು ತೋರಿಸಿಕೊಟ್ಟು ಬಂದೆ.